ಲಿಫ್ಟಿನಲ್ಲಿ ಸಿಗುತ್ತಿದ್ದ ನಿಜ

ಆ ಆಸ್ಪತ್ರೆಯ ಲಿಫ್ಟಿನಲ್ಲಿ ಮೂವತ್ತೊಂದು ವರ್ಷ ಮರದ ಸ್ಟೂಲಿನ ಮೇಲೆ ಕುಳಿತು ಗುಂಡಿ ಒತ್ತಿದವನನ್ನು ಎಲ್ಲರೂ ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಹೆತ್ತ ತಾಯಿ ಬಂದು ಹೆಸರು ಹಿಡಿದು ಕೂಗಿದ್ದರೂ ಅವನು ತಿರುಗುತ್ತಿದ್ದನೋ ಇಲ್ಲವೋ. ಡಾಕ್ಟರುಗಳು ರೋಗಿಯ ಮಂಚದ ಬಳಿ ಏನೂ ಆಗಿಲ್ಲ ಎನ್ನುವರು. ಮನೆಯವರೊಡನೆ ಲಿಫ್ಟಿಗೆ ಕಾಲಿಟ್ಟೊಡನೆ ನಿಜ ಹೇಳುವರು. ಮೂರು ಮಹಡಿ ಇಳಿಯುವಷ್ಟರಲ್ಲಿ ಒಬ್ಬೊಬ್ಬರ ಹಣೆಬರಹ ತೀರ್ಮಾನವಾಗುತ್ತಿತ್ತು. ಸ್ಟೂಲಿನ ಮೇಲಿದ್ದವನಿಗೂ ಕಿವಿಯಿದೆಯೆಂದು ಯಾರಿಗೂ ಹೊಳೆದದ್ದಿಲ್ಲ.

ನಿವೃತ್ತನಾದ ಮೂರನೆಯ ವರ್ಷ ಶ್ವಾಸಕೋಶ ಕೈಕೊಟ್ಟು, ಅವನೇ ಅದೇ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ರೋಗಿಯಾಗಿ ಮಲಗಿದ. ಗಂಟಲಿಗೆ ಕೊಳವೆ ತುರುಕಿಸಿಕೊಂಡವರನ್ನು ಮಂಚಸಮೇತ ಎಷ್ಟೋ ಸಲ ಸಾಗಿಸಿದ್ದವನು, ಅವರ ಕಣ್ಣುಗಳನ್ನು ಕಂಡಿದ್ದವನು. ತನಗೆ ಅದು ಬೇಡ, ಮಗಳ ಮನೆಯ ಕಿಟಕಿಯ ಪಕ್ಕದಲ್ಲಿ ಉಸಿರು ನಿಲ್ಲಲಿ ಎಂಬುದಷ್ಟೇ ಅವನ ಆಸೆ. ಎರಡು ಸಲ ಡಾಕ್ಟರ ಮುಂದೆ ಬಾಯಿ ತೆರೆದ. ಅವರು ಭುಜ ತಟ್ಟಿ, ಅದನ್ನೆಲ್ಲ ಯೋಚಿಸಬೇಡಿ ಎಂದು ಮುಂದಿನ ಮಂಚಕ್ಕೆ ನಡೆದರು. ಮಗಳಿಗೆ ಹೇಳಹೊರಟರೆ ಅವಳು ಅಳುತ್ತ ಎದ್ದುಹೋಗುವಳು.

ನಿಜ ಎಲ್ಲಿ ಸಿಗುತ್ತದೆಂದು ಅವನಿಗೆ ಗೊತ್ತಿತ್ತು. ಒಂದು ಬೆಳಿಗ್ಗೆ ಮಗಳು ಡಾಕ್ಟರ ಕೋಣೆಯ ಮುಂದೆ ಕಾಯುತ್ತಿದ್ದಾಗ ಗೋಡೆ ಹಿಡಿದು ನಡೆದು ಲಿಫ್ಟು ಸೇರಿದ. ಈಗ ಅಲ್ಲಿದ್ದವನು ಅವನ ಬಳಿಯೇ ಕೆಲಸ ಕಲಿತವನು. "ಬನ್ನಿ ಗುರುಗಳೇ, ಸಿಂಹಾಸನ ನಿಮ್ದೇ" ಎಂದು ಸ್ಟೂಲು ಬಿಟ್ಟುಕೊಟ್ಟು, ತನ್ನ ಖಾಕಿ ಅಂಗಿಯನ್ನೂ ತೊಡಿಸಿ ಹೊರಗೆ ನಿಂತ.

ಡಾಕ್ಟರು, ಹಿಂದೆಯೇ ಕರವಸ್ತ್ರದಲ್ಲಿ ಮುಖ ಹುದುಗಿಸಿಕೊಂಡ ಮಗಳು, ಒಳಗೆ ಬಂದರು. ಖಾಕಿ ತೊಟ್ಟವನ ಮುಖವನ್ನು ಯಾರು ನೋಡುತ್ತಾರೆ? ಲಿಫ್ಟು ಇಳಿಯತೊಡಗಿತು.

"ನಾಳೆ ಪೈಪ್ ಹಾಕ್ಬೇಕಾಗುತ್ತೆ. ಹಾಕಿದ್ರೂ ವಾಸಿಯಾಗಲ್ಲ, ಹದಿನೈದು ದಿನ ಎಳೀಬಹುದು. ಬೇಡ ಅಂದ್ರೆ, ಮನೇಲಿ ನೋವಿಲ್ಲದ ಹಾಗೆ ನೋಡ್ಕೋಬಹುದು."

"ಹಾಕಿ ಡಾಕ್ಟ್ರೇ. ಅಪ್ಪನ್ನ ಹಾಗೇ ಬಿಟ್ಬಿಟ್ಳು ಅಂತ ನಾಳೆ ನಾಲ್ಕು ಜನ ಆಡ್ಕೊಳ್ಳಲ್ವಾ?"

"ಅವರನ್ನ ಒಂದು ಮಾತು ಕೇಳಿದ್ರಾ?"

"ಅಯ್ಯೋ, ಗೊತ್ತಾದ್ರೆ ಹೆದರ್ಕೋತಾರೆ."

ಡಾಕ್ಟರು ತಲೆಯಾಡಿಸಿದರು. ಲಿಫ್ಟು ನಿಂತಿತು.

"ಪೈಪ್ ಬೇಡ ಕಣೇ ಪುಟ್ಟಿ," ಎಂದಿತು ಸ್ಟೂಲಿನ ಕಡೆಯಿಂದ ಒಂದು ದನಿ. "ಮನೆಗೆ ಕರ್ಕೊಂಡು ಹೋಗು."

ಮಗಳು ಬೆಚ್ಚಿಬಿದ್ದಳು. ಡಾಕ್ಟರು ಖಾಕಿ ಅಂಗಿಯನ್ನೂ ಕೆಳಗಿನ ಆಸ್ಪತ್ರೆಯ ಪಾಯಿಜಾಮವನ್ನೂ ನೋಡಿ, ಅವನಿಗಲ್ಲ, ಅವಳಿಗೆ ಹೇಳಿದರು:

"ನೋಡಿದ್ರಾ, ಇನ್ನೂ ಡ್ಯೂಟೀಲಿದ್ದೀನಿ ಅಂದ್ಕೊಂಡಿದ್ದಾರೆ. ಆಮ್ಲಜನಕ ಕಮ್ಮಿಯಾದ್ರೆ ಹೀಗೇ ಏನೇನೋ ಮಾತಾಡ್ತಾರೆ."

ರೋಗಿಗೆ ಬುದ್ಧಿಭ್ರಮೆ ಎಂದು ಅವನ ಹಾಳೆಯಲ್ಲಿ ಬರೆದರು. ಮರುದಿನ ಗಂಟಲಿಗೆ ಕೊಳವೆ ಇಳಿಯಿತು. ಕಿತ್ತುಕೊಳ್ಳಬಾರದೆಂದು ಕೈಗಳನ್ನು ಮಂಚದ ಸರಳಿಗೆ ಕಟ್ಟಿದರು.

ಹದಿನೈದು ಎಂದದ್ದು ಹತ್ತೊಂಬತ್ತು ದಿನ ಎಳೆಯಿತು. ಮಗಳು ಅಪ್ಪನಿಗೆ ಒಂದು ಚೂರೂ ಕೊರತೆ ಮಾಡಲಿಲ್ಲವೆಂದು ನಾಲ್ಕು ಜನ ಹೊಗಳಿದರು.