ಬಾಯಲ್ಲಿ ನೆನೆದ ಎಳೆ

ತಾಯಲೂರಿನ ಸುತ್ತಮುತ್ತ ರೇಷ್ಮೆಹುಳು ಸಾಕುವವರಲ್ಲಿ ಗಂಗುಲಪ್ಪನ ಕೈಯ ಚಂದ್ರಿಕೆ ಇಲ್ಲದ ಮನೆ ಇರಲಿಲ್ಲ. ಹಣ್ಣಾದ ಹುಳು ಗೂಡು ಕಟ್ಟಲು ಬೇಕಾದ ಆ ಬಿದಿರಿನ ತಟ್ಟಿಯನ್ನು ಮೇದರೆಲ್ಲರೂ ಹೆಣೆಯುತ್ತಿದ್ದರು. ಆದರೂ ಜನ ಇವನ ಬಾಗಿಲಿಗೇ ಬರುತ್ತಿದ್ದರು, ಬಂದು ಬೈಯುತ್ತಲೂ ಇದ್ದರು. ಆಸಾಮಿ ಅಷ್ಟು ಹಠಮಾರಿ. ಬಿದಿರು ಕಡಿಯುವುದಾದರೆ ಅಮಾವಾಸ್ಯೆಯ ಆಸುಪಾಸಿನಲ್ಲೇ ಆಗಬೇಕು, ಬೆಳುದಿಂಗಳಲ್ಲಿ ಕಡಿದ ಬಿದಿರಿಗೆ ಹುಳ ಬೀಳುತ್ತದೆ ಎಂದು ಕೈಕಟ್ಟಿ ಕೂತುಬಿಡುತ್ತಿದ್ದ. ಎಷ್ಟು ಬೇಡಿಕೊಂಡರೂ ಮಚ್ಚು ಮುಟ್ಟುತ್ತಿರಲಿಲ್ಲ.

ಮೂವತ್ತರ ದಶಕದ ನಡುವೆ ಒಂದು ಬೇಸಗೆಯಲ್ಲಿ ಚಿನ್ನದ ಗಣಿಯ ಪೆನ್ರೋಸ್ ದೊರೆ ಅವನ ಅಂಗಳಕ್ಕೆ ಬಂದಿಳಿದ. ಈ ದೊರೆಗೆ ಭಾನುವಾರ ಬಂತೆಂದರೆ ಕೆರೆಗಳ ಮೇಲೆ ತಿರುಗುವ ಹುಚ್ಚು. ಎರೆಹುಳು ಚುಚ್ಚಿ ಮೀನು ಹಿಡಿಯುವುದು ಅವನ ಅಂತಸ್ತಿಗೆ ಕಡಿಮೆಯಂತೆ. ಕೋಳಿಪುಕ್ಕವನ್ನು ಕೊಕ್ಕೆಗೆ ನೊಣದ ಹಾಗೆ ಕಟ್ಟಿ, ಉದ್ದನೆಯ ರೇಷ್ಮೆ ದಾರವನ್ನು ಕೋಲಿನಿಂದ ಹಿಂದಕ್ಕೂ ಮುಂದಕ್ಕೂ ಬೀಸಿ, ಆ ನೊಣವನ್ನು ನೀರಿನ ಮೇಲೆ ಹಗುರಾಗಿ ಇಳಿಸುತ್ತಿದ್ದ. ಗೆಂಡೆ ಮೀನು ಎದ್ದು ಬಂದು ಹಿಡಿಯುತ್ತಿತ್ತು. ಅಂದು ಅವನ ಕೈಯಲ್ಲಿದ್ದ ಸೀಮೆಯ ಕೋಲು ಸೀಳಿಹೋಗಿತ್ತು. ಬಿದಿರಿನ ಆರು ಸಣ್ಣ ಪಟ್ಟಿಗಳನ್ನು ಅಂಟಿಸಿ ಒಂದು ಮಾಡಿದ ಕೋಲು. ನಮ್ಮ ಕಡೆಯ ಬಿಸಿಲಿಗೆ ಅಂಟು ಒಣಗಿ ಬಾಯಿಬಿಟ್ಟಿತ್ತು.

ಗಂಗುಲಪ್ಪ ಅದನ್ನು ತಿರುಗಿಸಿ ತಿರುಗಿಸಿ ನೋಡಿದ. "ಇದೂ ಬಿದಿರೇ ಅಲ್ವಾ ದೊರೆ" ಎಂದು ನಕ್ಕ. ನಗು ಬೇಗ ನಿಂತಿತು. ಅವನು ಮಾಡಿದ ಮೊದಲ ಕೋಲು ಬೀಸುವಾಗಲೇ ಮುರಿಯಿತು, ಎರಡನೆಯದು ಮಳೆಯಲ್ಲಿ ಬಿಚ್ಚಿಕೊಂಡಿತು. ದೊರೆ ಸಾಕು ಬಿಡು ಎಂದರೂ ಇವನು ಬಿಡಲಿಲ್ಲ. ಬೆಟ್ಟದ ಗಟ್ಟಿ ಬಿದಿರು ತಂದು, ತೊಗಲಿನಿಂದ ಮಾಡಿದ ವಜ್ರದ ಅಂಟು ಕಾಯಿಸಿ, ಗೆಣ್ಣುಗೆಣ್ಣಿಗೂ ರೇಷ್ಮೆ ನೂಲು ಸುತ್ತಿ, ಅರಗು ಬಳಿದು ಮಾಡಿದ ಮೂರನೆಯದು ಮಳೆಗಾಲಗಳನ್ನು ತಡೆದು ನಿಂತಿತು. ಆಮೇಲೆ ಗಣಿಯ ಬೇರೆ ದೊರೆಗಳೂ ಬರತೊಡಗಿದರು. ಮೀನಿನ ಮೇಲೆ ಗಂಗುಲಪ್ಪನಿಗೆ ಕಿಂಚಿತ್ತೂ ಆಸೆಯಿರಲಿಲ್ಲ. ಆದರೆ ಪ್ರತಿ ಕೋಲನ್ನೂ ಕೊಡುವ ಮುಂಚೆ ಕೆರೆಯ ಏರಿಯ ಮೇಲೆ ನಿಂತು, ದೂರದ ತಾವರೆ ಎಲೆಯೊಂದನ್ನು ಗುರಿಯಿಟ್ಟು, ಅದರ ಮೇಲೆ ನೊಣ ಕೂರುವವರೆಗೂ ಬೀಸುತ್ತಿದ್ದ. ಬರುಬರುತ್ತಾ ಮೊದಲ ಬೀಸಿಗೇ ಕೂರತೊಡಗಿತು. ಮನಸ್ಸಿಗೆ ಒಪ್ಪದ ಕೋಲನ್ನು ಮೊಣಕಾಲಿಗೆ ಕೊಟ್ಟು ಮುರಿದು ಒಲೆಗೆ ಹಾಕುತ್ತಿದ್ದ.

ಅವನ ಹೆಂಡತಿ ಬೈರಮ್ಮನಿಗೆ ಇದೆಲ್ಲ ಕಂಡರೆ ಮೈ ಉರಿಯುತ್ತಿತ್ತು. "ಎರಡು ಗೆಂಡೆ ಮೀನಿಗೆ ಇಷ್ಟೊಂದು ಸಿಂಗಾರವಾ? ನನ್ ಕೂಳಿ ಒಂದ್ಸಲ ಇಟ್ರೆ ಮನೆಯೋರೆಲ್ಲ ಉಣ್ಣಬೋದು" ಎನ್ನುತ್ತಿದ್ದಳು. ಕೂಳಿ ಎಂದರೆ ಮೀನು ಹಿಡಿಯುವ ಬಿದಿರ ಬುಟ್ಟಿ. ಅದನ್ನು ಹೆಣೆಯುವುದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ, ಅವಳ ಬಾಯಿಯನ್ನು ಮೀರಿಸುವವರೂ ಇರಲಿಲ್ಲ. ಒಮ್ಮೆ ಅವನು ಅವಸರಕ್ಕೆ ಬಿದ್ದು, ತನ್ನ ನೇಮ ಬಿಟ್ಟು ಬೆಳುದಿಂಗಳಲ್ಲಿ ಕಡಿದ ಬಿದಿರಿನಿಂದ ಒಂದು ಕೋಲು ಮಾಡಿದ. ಮುಗಿದ ಮೇಲೆ ಬುಡದ ಹತ್ತಿರ ಸೂಜಿಮೊನೆಯಷ್ಟು ತೂತು ಕಂಡಿತು. ಮುರಿಯಲು ಮೊಣಕಾಲೆತ್ತಿದವನ ಕೈಯಿಂದ ಬೈರಮ್ಮ ಅದನ್ನು ಕಸಿದುಕೊಂಡು ಅವರೆ ಬಳ್ಳಿಗೆ ಆಸರೆಯಾಗಿ ನೆಟ್ಟಳು. ಹೋಗಲಿ, ಬಳ್ಳಿಗಾದರೂ ಆಯಿತು ಎಂದು ಅವನೂ ಸುಮ್ಮನಾದ.

ಕೋಲಿನ ವಿಷಯ ಅವಳು ಹೇಗೋ ಸಹಿಸಿಕೊಂಡಳು. ಸಹಿಸಲಾಗದೆ ಹೋದದ್ದು ಎಳೆಯ ವಿಷಯ.

ದಾರದ ತುದಿಗೂ ಕೊಕ್ಕೆಗೂ ನಡುವೆ ಮೀನಿನ ಕಣ್ಣಿಗೆ ಬೀಳದಂಥ ತೆಳ್ಳನೆಯ ಎಳೆ ಬೇಕು. ಅದು ಸ್ಪೇನ್ ದೇಶದಿಂದ ಬರುತ್ತಿತ್ತು. ಅಲ್ಲಿ ಯುದ್ಧ ಹತ್ತಿತು, ಅದರ ಹಿಂದೆಯೇ ದೊಡ್ಡ ಯುದ್ಧವೂ ಬಂತು, ಎಳೆ ನಿಂತುಹೋಯಿತು. ಅದು ರೇಷ್ಮೆಹುಳುವಿನ ಹೊಟ್ಟೆಯಿಂದಲೇ ತೆಗೆಯುವ ವಸ್ತು ಎಂದು ಪೆನ್ರೋಸ್ ದೊರೆ ಬಾಯಿಬಿಟ್ಟಾಗ ಗಂಗುಲಪ್ಪ ಕಣ್ಣರಳಿಸಿದ. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹುಳಿ ಬಂದ ಈಚಲ ಹೆಂಡದಲ್ಲಿ ನೆನೆಹಾಕಿ, ಹೊಟ್ಟೆ ಸೀಳಿ, ಒಳಗಿನ ರೇಷ್ಮೆಯ ಚೀಲವನ್ನು ಎರಡೂ ಕಡೆ ಹಿಡಿದು ಎಳೆದರೆ ಮೊಳದಷ್ಟು ಎಳೆ ಬರುತ್ತದೆ. ಅದು ಒಣಗಿದಾಗ ಗಾಜಿನ ಹಾಗೆ ಪಟ್ಟನೆ ಮುರಿಯುವ ಜಾತಿ. ಗಂಟು ಹಾಕಿದರೆ ಗಂಟಿನಲ್ಲೇ ತುಂಡು. ಚೆನ್ನಾಗಿ ನೆನೆದರೆ ಮಾತ್ರ ಅದಕ್ಕೆ ಶಕ್ತಿ. ತಣ್ಣೀರಿನಲ್ಲಿ ನೆನೆಯಲು ಬಹಳ ಹೊತ್ತು ಬೇಕು. ಅದಕ್ಕೆ ದೊರೆ ಎಳೆಯನ್ನು ಸುರುಳಿ ಸುತ್ತಿ ಬಾಯಲ್ಲಿಟ್ಟುಕೊಂಡು ಕೆರೆಗೆ ಹೋಗುತ್ತಿದ್ದ. ಗಂಗುಲಪ್ಪ ಎಳೆ ತೆಗೆಯುವುದನ್ನೂ ಕಲಿತ, ಬಾಯಲ್ಲಿ ನೆನೆಸುವುದನ್ನೂ ಕಲಿತ. ಕೋಲು ಪರೀಕ್ಷೆಗೆ ಹೊರಟನೆಂದರೆ ಒಂದು ಕೆನ್ನೆ ಉಬ್ಬಿರುತ್ತಿತ್ತು, ಯಾರು ಮಾತಾಡಿಸಿದರೂ ಮೂಗಬಸವನ ಹಾಗೆ ತಲೆಯಾಡಿಸುತ್ತಿದ್ದ.

ದೊಡ್ಡ ಯುದ್ಧ ಶುರುವಾದ ಮರುವರ್ಷದ ಕಾರ್ತಿಕದಲ್ಲಿ ಸೈಕ್ಲೋನು ಹಿಡಿದು ಮಳೆ ಬಿಡದೆ ಸುರಿಯಿತು. ಪೆನ್ರೋಸ್ ದೊರೆ ಅಷ್ಟರಲ್ಲಿ ತನ್ನ ಹಳೆಯ ದಾರ, ಅದನ್ನು ಸುತ್ತುವ ರಾಟೆ ಎಲ್ಲ ಗಂಗುಲಪ್ಪನಿಗೆ ಕೊಟ್ಟು ಯುದ್ಧಕ್ಕೆ ಹೋಗಿದ್ದ. ಒಂದು ಬೆಳಗ್ಗೆ ಬೈರಮ್ಮ ಉಪ್ಪಿನ ಮಡಕೆಯ ಪಕ್ಕದ ಮಡಕೆ ತೆರೆದಳು. ಹೆಂಡದಲ್ಲಿ ಹುಳುಗಳು ತೇಲುತ್ತಿದ್ದವು.

"ಗೂಡು ಕಟ್ಟಲಿ ಅಂತ ಚಂದ್ರಿಕೆ ಹೆಣೆಯೋ ಕೈಲೇ ಅವನ್ನ ಹಿಂಗೆ ಸಾಯಿಸ್ತೀಯಲ್ಲಯ್ಯಾ! ಸಾಲದು ಅಂತ ಅದರ ಕರುಳು ಬಾಯಿಗಿಟ್ಕೋತೀಯಾ. ಥೂ! ಆ ಬಾಯಲ್ಲಿ ಇನ್ನು ನನ್ನ ಮಾತಾಡಿಸಬೇಡ."

"ಮಾತಾಡಿಸಲ್ಲ ಹೋಗೇ" ಎಂದುಬಿಟ್ಟ ಗಂಗುಲಪ್ಪ. ಅವಳು ಕೂಳಿ ಎತ್ತಿಕೊಂಡು, ಮಳೆಯನ್ನೂ ಲೆಕ್ಕಿಸದೆ, ಕೆರೆಕೋಡಿಗೆ ಹೊರಟುಹೋದಳು.

ಕೋಡಿ ಹರಿದರೆ ಮೀನು ಹಿಡಿಯಲು ಊರೆಲ್ಲ ಅಲ್ಲಿರುತ್ತದೆ. ಕೋಡಿಯ ಕಟ್ಟೆಯುದ್ದಕ್ಕೂ ಹಿಂದಿನವರು ಆಳೆತ್ತರದ ಕಲ್ಲುಗಂಬಗಳನ್ನು ನೆಟ್ಟಿದ್ದರು. ನೀರು ಮೊಣಕಾಲಿಗಿಂತ ಕೆಳಗಿದ್ದಾಗ ಬೈರಮ್ಮ ನಡುವಿನ ಕಂಬದವರೆಗೂ ಹೋಗಿ ಕೂಳಿ ಇಟ್ಟಳು. ಆ ಹೊತ್ತಿಗೆ ಮೇಲಿನ ಊರಿನ ಕೆರೆ ಒಡೆಯಿತು. ಅದರ ನೀರು ಇದೇ ಕೆರೆಗೆ ಬರಬೇಕು, ಬಂತು. ನೋಡನೋಡುತ್ತಿದ್ದಂತೆ ಕೋಡಿ ಸೊಂಟದ ಮಟ್ಟಕ್ಕೆ ಏರಿತು. ದಡದ ಹತ್ತಿರವಿದ್ದವರು ಬಿದ್ದೆದ್ದು ಪಾರಾದರು. ಬೈರಮ್ಮ ಎರಡೂ ಕೈಯಿಂದ ಕಂಬ ತಬ್ಬಿಕೊಂಡು ಉಳಿದಳು. ಅವಳ ಬೆನ್ನ ಹಿಂದೆ ನೀರು ಬಂಡೆಗಳ ಮೇಲೆ ಧುಮುಕುತ್ತಿತ್ತು. ಅಲ್ಲಿಗೆ ಬಿದ್ದರೆ ಮುಗಿಯಿತು.

ಕೂಗು ಕೇಳಿ ಗಂಗುಲಪ್ಪ ಓಡಿ ಬಂದಾಗ ದಡದಲ್ಲಿ ಜನ ಸೇರಿದ್ದರು. ರೇಷ್ಮೆ ಬೆಳೆಯುವ ಚನ್ನರಾಯಪ್ಪ ತನ್ನ ಬಾವಿಯಿಂದ ಎತ್ತು ಹೂಡಿ ನೀರೆಳೆಯುವ ಕಪಿಲೆ ಹಗ್ಗ ತರಿಸಿದ್ದ. ಆನೆ ಕಟ್ಟಬಹುದಾದ ಹಗ್ಗ. ಆದರೆ ನೆನೆದು ಭಾರವಾಗಿ ಅರ್ಧ ದೂರವೂ ಹೋಗಲಿಲ್ಲ. ಬೈರಮ್ಮನ ಅಣ್ಣ ದೊಡ್ಡಮುನಿಯಪ್ಪ ಹುರಿಗೆ ಕಲ್ಲು ಕಟ್ಟಿ ಎಸೆದ. ಒಂದು ಕಲ್ಲು ಅವಳ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇನ್ನೊಂದು ಕೈಗೆಟಕುವಷ್ಟು ಹತ್ತಿರ ಬಿತ್ತು, ಅವಳು ಒಂದು ಕೈ ಬಿಡುವಷ್ಟರಲ್ಲಿ ನೀರು ಹುರಿಯನ್ನು ಕೊಚ್ಚಿಕೊಂಡು ಹೋಯಿತು, ಅವಳೂ ಜಾರಿ, ಮತ್ತೆ ಕಂಬ ತಬ್ಬಿಕೊಂಡಳು. ಜನ ಕಿರುಚಿದರು. ಇನ್ನು ಎಸೆಯಬೇಡಿ ಎಂದ ಚನ್ನರಾಯಪ್ಪ.

ಗಂಗುಲಪ್ಪ ಒಂದು ಗಳಿಗೆ ನೋಡಿದ. ಅವಳ ಕೈಗೆ ಏನು ಎಸೆದರೂ ಪ್ರಯೋಜನವಿಲ್ಲ, ಕೈ ಖಾಲಿಯಿಲ್ಲ. ತಾನಾಗಿ ಹೋಗಿ ಅವಳಿಗೆ ಸಿಕ್ಕಿಕೊಳ್ಳುವಂಥದ್ದು ಬೇಕು. ಅವನು ತಿರುಗಿ ಮನೆ ಕಡೆ ಓಡಿದ. "ಹೆಂಡ್ತೀನ ಬಿಟ್ಟು ಓಡ್ತಾವ್ನೆ ನೋಡ್ರೋ" ಎಂದು ಯಾರೋ ಕೂಗಿದ್ದು ಅವನ ಕಿವಿಗೂ ಬಿತ್ತು.

ಮನೆಯಲ್ಲಿ ಕೊಡಲು ಸಿದ್ಧವಾದ ಕೋಲು ಒಂದೂ ಇರಲಿಲ್ಲ. ಇದ್ದದ್ದು ಅವರೆ ಬಳ್ಳಿಯ ಕೋಲು. ಬಳ್ಳಿಯನ್ನು ಹರಿದು ಅದನ್ನು ಕಿತ್ತ. ಮಳೆಯಲ್ಲಿ ನಿಂತು ನಿಂತು ಅದರ ಅರಗು ಬೆಳ್ಳಗಾಗಿತ್ತು, ಹುಳದ ತೂತಿನಿಂದ ಪುಡಿ ಉದುರುತ್ತಿತ್ತು. ಬೇರೆ ದಾರಿಯಿರಲಿಲ್ಲ. ರಾಟೆ, ದಾರ ತೆಗೆದುಕೊಂಡ, ನೊಣ ಕಟ್ಟಿದ ದೊಡ್ಡ ಕೊಕ್ಕೆಯನ್ನು ತಲೆಯ ವಸ್ತ್ರಕ್ಕೆ ಚುಚ್ಚಿಕೊಂಡ. ಒಣಗಿಸಿಟ್ಟಿದ್ದ ಎಳೆಗಳಲ್ಲಿ ದಪ್ಪನೆಯವನ್ನು ಆರಿಸಿ, ಸುರುಳಿ ಮಾಡಿ ಬಾಯಿಗೆ ತುರುಕಿಕೊಂಡು ಓಡಿದ. ಕೋಡಿ ತಲುಪುವುದರೊಳಗೆ ನೆನೆಯಬೇಕು. ಅದಕ್ಕಿಂತ ಹೆಚ್ಚು ಹೊತ್ತಿಲ್ಲ.

ಅವನ ಕೈಯಲ್ಲಿ ಮೀನಿನ ಕೋಲು ಕಂಡು ದೊಡ್ಡಮುನಿಯಪ್ಪನಿಗೆ ಮೈಮೇಲೆ ಬಂದಂತಾಯಿತು.

"ಏನ್ಲಾ ಗಂಗುಲಾ, ನನ್ ತಂಗಿ ಅಲ್ಲಿ ಸಾಯ್ತಾವ್ಳೆ, ಇವತ್ತೂ ನಿನ್ನ ಆಟಾನಾ? ಏಮಿರಾ ಇದಿ? ಏನೋ ಇದು? ಬಾಯಿ ಬಿಡೋ!"

ಗಂಗುಲಪ್ಪ ತಲೆಯಾಡಿಸಿದ, ಕಪಿಲೆ ಹಗ್ಗ ತೋರಿಸಿದ, ಹುರಿ ತೋರಿಸಿದ. ಒಂದಕ್ಕೊಂದು ಕಟ್ಟಿ ಎಂದು ಕೈಸನ್ನೆ ಮಾಡಿದ. ಯಾರಿಗೆ ಅರ್ಥವಾಗಬೇಕು? ದೊಡ್ಡಮುನಿಯಪ್ಪ ಬೀಸಿ ಕೆನ್ನೆಗೆ ಹೊಡೆದ. ಬಾಯೊಳಗೆ ಹಲ್ಲು ತಾಗಿ ರಕ್ತ ಬಂತು. ಗಂಗುಲಪ್ಪ ತುಟಿ ಬಿಗಿಹಿಡಿದ, ಎಳೆ ಹೊರಗೆ ಬೀಳಲಿಲ್ಲ. ಕಡೆಗೆ ಚನ್ನರಾಯಪ್ಪನೇ ಅಡ್ಡ ಬಂದು, "ಇರೋ, ಅವನು ಏನೋ ಮಾಡ್ತಾವ್ನೆ, ಬಿಡು" ಎಂದು ಹಗ್ಗದ ತುದಿಗೆ ಹುರಿ ಕಟ್ಟಿಸಿದ.

ಈಗ ಗಂಗುಲಪ್ಪ ಎಳೆ ಹೊರಗೆ ತೆಗೆದ. ಬೆರಳಿನಲ್ಲಿ ಬಗ್ಗಿಸಿ ನೋಡಿದ, ಮೆತ್ತಗಾಗಿತ್ತು. ಎಳೆಗೆ ಎಳೆ ಗಂಟು ಹಾಕಿದ, ಒಂದು ತುದಿಗೆ ಕೊಕ್ಕೆ, ಇನ್ನೊಂದಕ್ಕೆ ರೇಷ್ಮೆ ದಾರ. ಪ್ರತಿ ಗಂಟನ್ನೂ ಎಳೆದು ನೋಡಿದ. ದಾರವನ್ನು ರಾಟೆಯಿಂದ ಪೂರ್ತಿ ಬಿಚ್ಚಿ ಅದರ ಬಾಲವನ್ನು ಹುರಿಗೆ ಕಟ್ಟಿದ.

ಮೊದಲ ಬೀಸನ್ನು ಗಾಳಿ ಹಿಂದಕ್ಕೆ ತಳ್ಳಿತು. ಎರಡನೆಯದು ಅವಳ ಮುಂದೆ ನೀರಿಗೆ ಬಿದ್ದು ಕೊಚ್ಚಿಹೋಯಿತು. ಸೆಳೆದುಕೊಳ್ಳುವಾಗ ಕೋಲಿನ ಬುಡ ಕಿರ್ರೆಂದಿತು. ಅಂಗೈಯಲ್ಲಿ ಪಟ್ಟಿಗಳು ಒಂದರಿಂದೊಂದು ಬಿಡುವುದು ಅವನಿಗೆ ತಿಳಿಯುತ್ತಿತ್ತು. ಇನ್ನು ಒಂದೋ ಎರಡೋ ಬೀಸು. ಆದರೆ ಅವನ ಕೈ ಮುಂದೆ ಹೋಗಲಿಲ್ಲ. ಬೈರಮ್ಮನ ಮುಖ ದಡದ ಕಡೆಗೇ ಇತ್ತು. ತಾವರೆ ಎಲೆಗೆ ಕಣ್ಣಿಲ್ಲ. ಗಾಳಿ ಗೇಣಷ್ಟು ತಪ್ಪಿಸಿದರೂ ಕೊಕ್ಕೆ ಅವಳ ಕಣ್ಣಿಗೆ ಕೂರುತ್ತದೆ. ತಿರುಗು ಎಂದು ಕೂಗಿದ. ನೀರಿನ ಸದ್ದಿನಲ್ಲಿ ಅವನ ಕೂಗು ಅವನಿಗೇ ಕೇಳಲಿಲ್ಲ.

ಆಗ ಬೈರಮ್ಮ ಮುಖವನ್ನು ಕಂಬಕ್ಕೆ ಒತ್ತಿ ಅಡಗಿಸಿಕೊಂಡಳು. ಎಡಭುಜವನ್ನು ದಡದ ಕಡೆಗೆ ತಿರುಗಿಸಿ ನಿಂತಳು.

"ಅಯ್ಯೋ, ಜ್ಞಾನ ತಪ್ತು, ಕೈ ಬಿಡ್ತಾಳೆ" ಎಂದು ಹೆಂಗಸರು ಎದೆ ಬಡಿದುಕೊಂಡರು. ಗಂಗುಲಪ್ಪನೊಬ್ಬನಿಗೆ ಹಾಗನ್ನಿಸಲಿಲ್ಲ. ಗಾಳಿ ಒಂದು ಉಸಿರಿನಷ್ಟು ತಗ್ಗಿದಾಗ ಕೋಲನ್ನು ಹಿಂದಕ್ಕೆ ಬೀಸಿ, ದಾರ ಪೂರ್ತಿ ಚಾಚಿಕೊಳ್ಳುವವರೆಗೂ ತಡೆದು, ಮುಂದಕ್ಕೆ ಬಿಟ್ಟ. ದಾರ ಅವಳ ಭುಜದ ಮೇಲೆ ಹಾದು ಬಿತ್ತು. ಅವನು ಸೆಳೆದ. ಕೊಕ್ಕೆ ಕಚ್ಚಿತು, ಅದೇ ಕ್ಷಣಕ್ಕೆ ಕೋಲು ಬುಡದಲ್ಲಿ ಲಟಕ್ಕೆಂದು ಮುರಿಯಿತು. ಕೋಲನ್ನು ಬಿಸಾಕಿ ದಾರ ಕೈಗೆ ತೆಗೆದುಕೊಂಡ.

ಕೊಕ್ಕೆ ಸೀರೆಯನ್ನು ದಾಟಿ ಭುಜದ ಮಾಂಸಕ್ಕೇ ಇಳಿದಿತ್ತು. ಬೈರಮ್ಮ ಅವಸರ ಪಡಲಿಲ್ಲ. ದಾರ ಓಡಿಹೋಗುವ ಭಯವಿರಲಿಲ್ಲ ಈಗ. ಕಂಬವನ್ನು ಬಲಗೈಯಲ್ಲಿ ಭದ್ರ ಮಾಡಿಕೊಂಡು, ಎಡಗೈ ಬಿಡಿಸಿ, ಭುಜದಿಂದ ತಡವುತ್ತಾ ಹೋಗಿ ಎಳೆಯನ್ನು ದಾಟಿ ದಾರ ಹಿಡಿದಳು. ಹಿಡಿದಷ್ಟನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮತ್ತಷ್ಟು ಎಳೆದಳು. ದಾರದ ಹಿಂದೆ ಹುರಿ ಬಂತು, ಹುರಿಯ ಹಿಂದೆ ಕಪಿಲೆ ಹಗ್ಗ ಬಂತು. ಅದನ್ನು ಕಂಬಕ್ಕೂ ಸೊಂಟಕ್ಕೂ ಸುತ್ತಿಕೊಂಡಳು. ಈಚೆ ತುದಿಯನ್ನು ದಡದ ಹೊಂಗೆಮರಕ್ಕೆ ಬಿಗಿದರು. ದೊಡ್ಡಮುನಿಯಪ್ಪ ಹಗ್ಗ ಹಿಡಿದು ನೀರಿಗಿಳಿದು ತಂಗಿಯನ್ನು ಕರೆತಂದ. ಅವರು ದಡ ಮುಟ್ಟಿದ ಸ್ವಲ್ಪ ಹೊತ್ತಿಗೆ ಆ ಕಂಬ ಬುಡಸಮೇತ ಕಿತ್ತು ಹೋಯಿತು.

ಹೊಂಗೆಮರದ ಕೆಳಗೆ ಅವಳನ್ನು ಕೂರಿಸಿ ಕಂಬಳಿ ಹೊದಿಸಿದರು. ದೊಡ್ಡಮುನಿಯಪ್ಪ ಭಾವಮೈದುನನ ಒಡೆದ ತುಟಿಯನ್ನು ನೋಡಿ, ತನ್ನ ಹೆಗಲ ಮೇಲಿನ ವಲ್ಲಿ ತೆಗೆದು ಅವನ ಬಾಯಿ ಒರೆಸಿದ.

"ಎಲ್ರೂ ಕೈ ಬಿಟ್ಟೆ ಅಂದ್ಕೊಂಡ್ವಿ ಕಣಮ್ಮಾ. ಮುಖ ಯಾಕೆ ತಿರುಗಿಸ್ದೆ?" ಎಂದು ಚನ್ನರಾಯಪ್ಪ ಕೇಳಿದ.

"ಅಣ್ಣ ಹೊಡದ್ರೂ ಇವನು ಬಾಯಿ ಬಿಡಲಿಲ್ವಲ್ಲ" ಎಂದಳು ಬೈರಮ್ಮ, ಹಲ್ಲು ಕಟಕಟಿಸುತ್ತಾ. "ಕೆನ್ನೆ ಉಬ್ಬಿತ್ತು. ಕೊಕ್ಕೆ ಬರ್ತೈತೆ ಅಂತ ಗೊತ್ತಾಯ್ತು. ಕಣ್ಣು ಮುಚ್ಕೊಂಡೆ."

ಗಂಗುಲಪ್ಪ ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬಾಯಲ್ಲಿ ಈಗ ಎಳೆಯಿರಲಿಲ್ಲ, ಆದರೂ ಮಾತು ಹೊರಡಲಿಲ್ಲ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಬೈರಮ್ಮ ಅವನನ್ನೇ ನೋಡಿದಳು. ಭುಜದಲ್ಲಿ ಕೊಕ್ಕೆ ಇನ್ನೂ ಹಾಗೇ ಇತ್ತು, ಎಳೆ ಅದಕ್ಕೆ ಜೋತಾಡುತ್ತಿತ್ತು.

"ಬೆಳಗ್ಗೆ ಅಂದಿದ್ದು ಬಿಡಯ್ಯಾ" ಎಂದಳು. "ಅದೇ ಬಾಯಲ್ಲಿ ಏನಾರಾ ಒಂದು ಮಾತಾಡು."