ಆರು ಗಂಟೆಯ ವಾರ್ತೆ

ಲಾಸ್ ಏಂಜಲೀಸಿನ ಬಗ್ಗೆ ನನ್ನ ಅಕ್ಕನಿಗಿದ್ದ ದೊಡ್ಡ ದೂರು ಎಂದರೆ ಅಲ್ಲಿನ ರೇಡಿಯೊ. ಅದು ಹಾಡುತ್ತದೆ, ಕಾರು ಮಾರುತ್ತದೆ, ಯಾವ ಫ್ರೀವೇಯಲ್ಲಿ ಟ್ರಾಫಿಕ್ ನಿಂತಿದೆ ಎಂದು ಕಿರುಚುತ್ತದೆ, ಆದರೆ ಮಾತಾಡುವುದಿಲ್ಲ. "ಇದು ಎಂತ ರೇಡಿಯೊ ಮಾರಾಯ್ತಿ, ಒಳ್ಳೆ ಸಂತೆಯ ಹಾಗೆ" ಎನ್ನುತ್ತಿದ್ದಳು. ನಾನಿದ್ದದ್ದು ಸ್ಯಾನ್ ಡಿಯಾಗೋದ ಸ್ಕ್ರಿಪ್ಸ್ ರ್ಯಾಂಚಿನಲ್ಲಿ. ಶನಿವಾರ ಬಂತೆಂದರೆ ಅವಳ ಮನೆಗೆ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದೆ. ದಾರಿಯ ಕಾರ್ಲ್ಸ್‌ಬಾಡ್ ದಾಟುವಷ್ಟರಲ್ಲೇ ಟ್ರಾಫಿಕ್ಕಿಗೆ ಸಿಕ್ಕಿ ರೇಗಿ ಹೋಗುತ್ತಿದ್ದ ನನಗೆ ಆ ಕಿರುಚಾಟದ ಉಪಯೋಗ ಗೊತ್ತಿತ್ತು. ಆದರೆ ಅಕ್ಕನ ಹತ್ತಿರ ವಾದ ಮಾಡಿ ಗೆದ್ದವರು ನಮ್ಮ ಮನೆಯಲ್ಲಿ ಯಾರೂ ಇಲ್ಲ.

ಮದುವೆಯಾದ ವರ್ಷವೇ ಅವಳು ಉಡುಪಿಯಿಂದ ನೇರ ಇಂಗ್ಲೆಂಡಿಗೆ ಹೋದವಳು. ಭಾವ ಬೆಳಗಾಗುವ ಮೊದಲೇ ಕೆಲಸಕ್ಕೆ ಹೊರಟರೆ ಕತ್ತಲಾದ ಮೇಲೆ ಬರುತ್ತಿದ್ದರು. ಹೊರಗೆ ಮಂಜು, ಒಳಗೆ ಎಳೆಮಗು, ಪಕ್ಕದ ಮನೆಯಲ್ಲಿ ಒಬ್ಬಳು ಇಂಗ್ಲಿಷ್ ಮುದುಕಿ. ಅಕ್ಕ ಅತ್ತೂ ಅತ್ತೂ ಕಣ್ಣು ಊದಿಸಿಕೊಂಡಿದ್ದನ್ನು ನೋಡಲಾರದೆ ಭಾವ ಒಂದು ರೇಡಿಯೊ ತಂದುಕೊಟ್ಟರಂತೆ. ಅದರಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬರೀ ಮಾತು. ಏಳುವ ಹೊತ್ತಿಗೆ ರೈತರ ಸುದ್ದಿ, ಆಮೇಲೆ ವಾರ್ತೆ, ಹೆಂಗಸರ ಹರಟೆ, ಗುಲಾಬಿ ಗಿಡಕ್ಕೆ ಬಂದ ರೋಗದ ಬಗ್ಗೆ ಪ್ರಶ್ನೆ, ಮಧ್ಯಾಹ್ನ ನಾಟಕ, ಒಬ್ಬರನ್ನೊಬ್ಬರು ಗೇಲಿ ಮಾಡಿ ನಗುವ ದೊಡ್ಡ ಮನುಷ್ಯರು. "ವೇಷ ಇಲ್ಲ, ಕುಣಿತ ಇಲ್ಲ, ಎಲ್ಲ ಮಾತಿನಲ್ಲೇ. ನಮ್ಮ ತಾಳಮದ್ದಳೆಯೇ ಅಲ್ವಾ ಇದು?" ಎಂದು ಮೊದಲ ಸಲ ಊರಿಗೆ ಬಂದಾಗ ನನಗೆ ಹೇಳಿದ್ದಳು. ಅವಳ ಇಂಗ್ಲಿಷ್ ಬಂದದ್ದು ಹೀಗೆ, ಕಿವಿಯಿಂದ.

ನಡುನಡುವೆ ಕಡಲಿನ ಹವಾಮಾನ ಓದುತ್ತಿದ್ದರು, ಯಾವ ಕಡಲಲ್ಲಿ ಎಷ್ಟು ಗಾಳಿ ಎಂದು. ಅದು ಶುರುವಾದರೆ ಅಕ್ಕ ಕೈಯಲ್ಲಿದ್ದ ಕೆಲಸ ಬಿಟ್ಟು ನಿಂತುಬಿಡುತ್ತಿದ್ದಳು. ಮಲ್ಪೆಯಲ್ಲಿ ದೋಣಿ ಇದ್ದ ಮನೆ ನಮ್ಮದು. "ಯಾರದ್ದೋ ಮನೆಯವರು ನೀರಿನ ಮೇಲೆ ಇರ್ತಾರಲ್ಲ" ಎನ್ನುವಳು. ಸಂಜೆ ರೇಡಿಯೊದಲ್ಲೇ ಗಡಿಯಾರದ ದೊಡ್ಡ ಗಂಟೆ ಹೊಡೆದು ಆರರ ವಾರ್ತೆ ಶುರುವಾಗುತ್ತಿತ್ತು. ಅದು ಮುಗಿಯುವುದರೊಳಗೆ ಬಾಗಿಲಲ್ಲಿ ಭಾವನ ಬೀಗದ ಕೈ ಸದ್ದು. ಗಂಟೆ ಕೇಳಿದ ಕೂಡಲೇ ಊಟದ ಬಟ್ಟಲು ಇಡುವುದು ಅವಳಿಗೆ ರೂಢಿಯಾಗಿ ಹೋಯಿತು.

ತೊಂಬತ್ತರ ದಶಕದ ಮೊದಲಲ್ಲಿ ಭಾವನಿಗೆ ಲಾಸ್ ಏಂಜಲೀಸಿಗೆ ವರ್ಗವಾಯಿತು. ಹೊರಡುವಾಗ ಪಕ್ಕದ ಮನೆಯ ಮುದುಕಿ ಒಂದು ಚಪ್ಪಲಿ ಪೆಟ್ಟಿಗೆ ತುಂಬ ಕ್ಯಾಸೆಟ್ ಕೊಟ್ಟಳು. ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ಟೇಪ್ ರೆಕಾರ್ಡರಿನ ಮುಂದೆ ಕುಳಿತು, ಕ್ಯಾಸೆಟ್ ಬದಲಿಸುತ್ತ, ರೇಡಿಯೊದ ಆ ಇಡೀ ದಿನವನ್ನು ತುಂಬಿಸಿ ಕೊಟ್ಟಿದ್ದಳು ಪುಣ್ಯಾತ್ಗಿತ್ತಿ. ಭಾವ ಇರುವವರೆಗೆ ಆ ಪೆಟ್ಟಿಗೆ ಕಪಾಟಿನಲ್ಲೇ ಇತ್ತು.

ಭಾವ ಹೃದಯದ ಕಾಯಿಲೆಯಿಂದ ಹೋದರು. ಕಾರ್ಯಗಳೆಲ್ಲ ಮುಗಿದು ನೆಂಟರು ಚದುರಿದ ಮೇಲೆ ಪೆಟ್ಟಿಗೆ ಹೊರಗೆ ಬಂತು. ಅಲ್ಲಿಂದಾಚೆ ಅಕ್ಕನ ಮನೆಯಲ್ಲಿ ಪ್ರತಿದಿನವೂ ಅದೇ ದಿನ. ಬೆಳಿಗ್ಗೆ ಗಡಿಯಾರಕ್ಕೆ ಸರಿಯಾಗಿ ಮೊದಲ ಕ್ಯಾಸೆಟ್ ಹಾಕುತ್ತಿದ್ದಳು. ಅದೇ ರೈತ ಕುರಿಯ ಕಾಲುಬೇನೆಯ ಬಗ್ಗೆ ಗೋಳಾಡುತ್ತಿದ್ದ. ಅದೇ ದೊಡ್ಡ ಮನುಷ್ಯ ಅದೇ ಚಟಾಕಿ ಹಾರಿಸುತ್ತಿದ್ದ, ಅಕ್ಕ ಅವನಿಗಿಂತ ಮೊದಲೇ ನಗುತ್ತಿದ್ದಳು. ಮಧ್ಯಾಹ್ನದ ಮೇಲೆ ಮಳೆ ಎಂದು ಟೇಪು ಹೇಳಿದರೆ, ಹಿತ್ತಲಿಗೆ ಹೋಗಿ ಒಣಗಲು ಹಾಕಿದ ಬಟ್ಟೆ ತೆಗೆದುಕೊಂಡು ಬರುತ್ತಿದ್ದಳು. ಹೊರಗೆ ನೆತ್ತಿ ಸುಡುವ ಬಿಸಿಲು.

"ಅಕ್ಕ, ಅದು ಅಲ್ಲಿಯ ಮಳೆ, ಅದೂ ಯಾವ ಕಾಲದ್ದೋ" ಎಂದೆ ಒಮ್ಮೆ.

"ಇರ್ಲಿ. ಎಂತಕ್ಕೆ ಒದ್ದೆ ಮಾಡಿಕೊಳ್ಳೂದು?" ಎಂದಳು.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ಆರಕ್ಕೆ ಗಂಟೆ ಹೊಡೆದಾಗ ನಗು ಅಡಗಿತು. ಅಕ್ಕ ಭಾವನ ಬಟ್ಟಲನ್ನೂ ಇಟ್ಟು, ಬಾಗಿಲಿಗೆ ಮುಖ ಮಾಡಿ ಕುಳಿತಳು. ವಾರ್ತೆ ಮುಗಿಯುತ್ತ ಬಂದಾಗ, "ಇವತ್ತು ಎಂತ ಇವರದ್ದು ಇಷ್ಟು ತಡ?" ಎಂದಳು. ಅಕ್ಕನ ಜೊತೆಗೇ ಇದ್ದ, ಇಂಗ್ಲೆಂಡಿನಲ್ಲಿ ಹುಟ್ಟಿ ಬೆಳೆದ ಅವಳ ಮಗಳು ಪಕ್ಕದಲ್ಲಿ ಕುಳಿತು ಮೆಲ್ಲಗೆ, "ಅಮ್ಮಾ, ಡ್ಯಾಡ್ ಈಸ್ ಗಾನ್" ಎಂದಳು. ಅಕ್ಕನ ಮುಖ ಕಪ್ಪಿಟ್ಟಿತು. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ದಿನಾ ಹೀಗೇ, ಚಿಕ್ಕಮ್ಮ, ದಿನಾ ಅಪ್ಪ ಹೊಸದಾಗಿ ಸಾಯುತ್ತಾರೆ ಎಂದು ಆ ಹುಡುಗಿ ತನ್ನ ಇಂಗ್ಲಿಷಿನಲ್ಲಿ ಹೇಳಿ ಅತ್ತಳು.

ಡಾಕ್ಟರರು ಮರೆವಿನ ಕಾಯಿಲೆ ಶುರುವಾಗಿರಬಹುದು ಎಂದರು. ಹೀಗೇ ಆದರೆ ಮುಂದೆ ಒಬ್ಬರನ್ನೇ ಮನೆಯಲ್ಲಿ ಬಿಡುವುದು ಕಷ್ಟ, ಸದ್ಯಕ್ಕೆ ಮನಸ್ಸು ಕೆಡಿಸುವಂಥದ್ದನ್ನು ದೂರ ಇಡಿ ಎಂದರಂತೆ. ಮಗಳು ಕೊನೆಯ ಕ್ಯಾಸೆಟ್ಟನ್ನು ತೆಗೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಗಂಟೆಯೇ ಹೊಡೆಯದಿದ್ದರೆ ಕಾಯುವುದೂ ಇಲ್ಲ ಎಂದು ನಮ್ಮಿಬ್ಬರ ಲೆಕ್ಕ.

ಆ ಶನಿವಾರ ನಾಟಕ ಮುಗಿಯಿತು, ಕಡಲಿನ ಗಾಳಿ ಮುಗಿಯಿತು, ಟೇಪು ಟಕ್ಕೆಂದು ನಿಂತಿತು. ಅಕ್ಕ ಪೆಟ್ಟಿಗೆಯೊಳಗೆ ಕೈಯಾಡಿಸಿದಳು. ಕೆಳಗೆ ಬಿದ್ದಿದೆಯೋ ಎಂದು ಬಗ್ಗಿ ನೋಡಿದಳು. ಆಮೇಲೆ ನಮ್ಮಿಬ್ಬರ ಮುಖ ನೋಡಿದಳು.

"ಎಲ್ಲಿಟ್ಟಿದ್ದೀರಿ ಅದನ್ನು?"

ಮಗಳು ನನ್ನ ಕಡೆ ನೋಡಿದಳು. "ಡಾಕ್ಟರ್ ಹೇಳಿದ್ದು ಅಕ್ಕ, ನಿನಗೆ ಮರೆವು..." ಎಂದೆ.

"ಎಂತ ಮರೆವು?" ಅಕ್ಕನ ಧ್ವನಿ ಏರಲಿಲ್ಲ. "ಅವರು ಹೋದದ್ದು ನಂಗೆ ಗೊತ್ತುಂಟು. ಆಸ್ಪತ್ರೆಯಲ್ಲಿ ಬಾಯಿಗೆ ತುಳಸಿ ನೀರು ಬಿಟ್ಟದ್ದು ನಾನೇ ಅಲ್ವಾ? ಬೆಳಿಗ್ಗೆಯಿಂದ ಎಲ್ಲ ಹೊತ್ತೂ ಗೊತ್ತುಂಟು. ಆ ಗಂಟೆ ಹೊಡೆದ ಮೇಲೆ ಸ್ವಲ್ಪ ಹೊತ್ತು ಮಾತ್ರ, ಬರ್ತಾರೆ ಅಂತ ಇರ್ತದೆ. ವಾರ್ತೆ ಮುಗಿದ್ರೆ ಅದೂ ಮುಗೀತು, ನಾನೇ ಬಟ್ಟಲು ತೆಗೆದಿಡ್ತೇನೆ. ನೀವು ಎಂತಕ್ಕೆ ನಡುವೆ ಬಾಯಿ ಹಾಕಿ ಹೇಳಿಬಿಡೂದು?"

ಮಗಳು ಕೈಚೀಲದಿಂದ ಕ್ಯಾಸೆಟ್ ತೆಗೆದು ತಾನೇ ಹಾಕಿದಳು. ಗಂಟೆ ಹೊಡೆಯಿತು. ಯಾವುದೋ ಹಳೆಯ ಮುಷ್ಕರದ ಸುದ್ದಿ, ಎಂದೋ ಬಿದ್ದುಹೋದ ಸರ್ಕಾರದ ಸುದ್ದಿ. ಮೂವರೂ ಬಾಗಿಲ ಕಡೆ ನೋಡುತ್ತ ಕುಳಿತೆವು. ಹೊರಗೆ ಒಂದು ಕಾರು ಬಂದು ನಿಧಾನ ಮಾಡಿತು. ನಾನು ಎದ್ದು ನಿಂತೇಬಿಟ್ಟೆ. ಕಾರು ಮುಂದೆ ಹೋಯಿತು. ಭಾವ ತೀರಿಕೊಂಡು ಆಗಲೇ ವರ್ಷ ದಾಟಿತ್ತು. ಅವರಿಗಾಗಿ ನಾನು ಅತ್ತದ್ದು ಅವತ್ತೇ ಮೊದಲು.