ಘಟ್ಟ ಹತ್ತಿ ಬಂದ ಹಕ್ಕಿಯ ಜ್ವರ

ಅದು 1977ರ ಮಳೆಗಾಲ. ಬೆಳಗಾವಿಯ ಶಹಾಪುರದ ನಮ್ಮ ಮನೆಯಿಂದ ದಿನಾಲೂ ಬಸ್ಸಿನಲ್ಲಿ ಖಾನಾಪುರಕ್ಕೆ ಹೋಗಿ ಬರುತ್ತಿದ್ದೆ. ಮಲೇರಿಯಾ ಪರೀಕ್ಷೆಯ ಚಿಕ್ಕ ಕೋಣೆಯೊಂದರಲ್ಲಿ ಮೈಕ್ರೋಸ್ಕೋಪಿನ ಮುಂದೆ ಕೂಡುವುದು ನನ್ನ ಹೊಸ ನೌಕರಿ. ಆ ವರ್ಷ ಜ್ವರ ಮನೆಮನೆಗೂ ಹಬ್ಬಿತ್ತು. ರಕ್ತದ ಸ್ಲೈಡುಗಳು ಮೇಜಿನ ತುಂಬ ಬಿದ್ದಿರುತ್ತಿದ್ದವು. ಮೊದಲೇ ಸಿಡುಕಿನ ಮನುಷ್ಯ ನಾನು. ಯಾರಾದರೂ ನಡುವೆ ಮಾತಾಡಿಸಿದರೆ ಮೈ ಉರಿಯುತ್ತಿತ್ತು.

ಒಮ್ಮೆ ಜೋರು ಬಿರುಗಾಳಿ ಬೀಸಿ ನಿಂತ ಮರುದಿನ ಜ್ವರದವರ ಪಾಳಿಯ ಸಾಲಿನಲ್ಲಿ ಶೇವಂತಾಬಾಯಿ ಎಂಬ ಹೆಣ್ಣುಮಗಳು ಬುಟ್ಟಿ ಹಿಡಿದು ನಿಂತಿದ್ದಳು. ಹಂಚು ಸುಡುವ ಭಟ್ಟಿಯಲ್ಲಿ ದುಡಿಯುವವಳು. ಬುಟ್ಟಿಯಲ್ಲಿ ನಾನು ಎಂದೂ ಕಾಣದ, ಉದ್ದ ರೆಕ್ಕೆಯ ಹಕ್ಕಿ. ಗೋವಾದಿಂದ ಒಣಮೀನು ತಂದು ಮಾರುವವನೊಬ್ಬ ಪಾಳಿಯಲ್ಲಿದ್ದ. ಅದು ಸಮುದ್ರದ ಹಕ್ಕಿ, ಗಾಳಿಗೆ ಸಿಕ್ಕು ಘಟ್ಟ ಹತ್ತಿ ಬಂದಿದೆ ಎಂದ. ಅವಳಿಗೆ ಅದು ಸಿಕ್ಕಿದ್ದು ಹಂಚಿಗೆ ಮಣ್ಣು ತೆಗೆದ ತಗ್ಗಿನಲ್ಲಂತೆ. ಮೀನು ಹಾಕಿದರೂ ಮುಟ್ಟದೆ, ರೆಕ್ಕೆ ಜೋಲು ಬಿಟ್ಟು ನಡುಗುತ್ತಿತ್ತು. ಇದರ ರಕ್ತ ನೋಡಿ ಎಂದು ಅವಳು ಕೇಳಿದಾಗ ಜನ ನಕ್ಕರು. ಇದು ದನದ ದವಾಖಾನೆಯಲ್ಲ ಎಂದು ನಾನು ಗದರಿದೆ.

ಅವಳು ಕದಲಲಿಲ್ಲ. “ಹೋದ ವರ್ಸ ನಮ್ಮನಿಯವ್ರು ಹಿಂಗ ನಡಗತಿದ್ರು ಸಾಹೇಬ್ರ. ದವಾಖಾನಿಯವ್ರು ಬಂದು ರಗತಾ ತೊಗೊಂಡು ಹೋದ್ರು. ಏನೈತಿ ಅಂತ ಹೇಳೂದ್ರಾಗ ನಮ್ಮನಿಯವ್ರ ಜೀವಾನ ಹೋತು. ಇದರದ್ದರ ಜೀವ ಇರೂತನಾ ನೋಡಿ ಹೇಳ್ರಿ.”

ಬುಟ್ಟಿಯನ್ನು ಮೇಜಿನ ಬಳಿ ತರಲು ಹೇಳಿದೆ. ನಾನು ಹಕ್ಕಿಯ ರೆಕ್ಕೆಯ ಕೆಳಗಿನ ರಕ್ತನಾಳಕ್ಕೆ ಸೂಜಿ ಚುಚ್ಚಿ ಒಂದು ಹನಿ ತೆಗೆದೆ. ಬಣ್ಣ ಹಾಕಿ ಒಣಗಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ದಿನವೂ ಜನರ ರಕ್ತದಲ್ಲಿ ನೋಡುವಂಥದೇ ರೋಗಾಣು ಹಕ್ಕಿಯ ಕೆಂಪು ಕಣಗಳಲ್ಲೂ ಕೂತಿತ್ತು, ಆ ರೋಗಾಣುವಿನ ಮೈಯಲ್ಲಿ ಅಂಥದೇ ಕಪ್ಪು ಚುಕ್ಕಿಗಳು. ಹಕ್ಕಿಗಳಿಗೂ ಮಲೇರಿಯಾ ಬರುತ್ತದೆಂದು ತರಬೇತಿಯಲ್ಲಿ ಕೇಳಿದ್ದೆ, ಕಣ್ಣಾರೆ ಕಂಡಿರಲಿಲ್ಲ.

ಇದಕ್ಕೂ ಮಲೇರಿಯಾ ಇದೆ, ಆದರೆ ಹಕ್ಕಿಯದು ಮನುಷ್ಯರಿಗೆ ಬರುವುದಿಲ್ಲ ಎಂದು ಅವಳಿಗೆ ತಿಳಿಸಿ ಹೇಳಿದೆ. ಹಾಗಾದರೆ ಗುಳಿಗೆ ಕೊಡಿ ಎಂದಳು. ಹಕ್ಕಿಗೆ ಎಷ್ಟು ಕೊಡಬೇಕೆಂದು ನನಗೇನು ಗೊತ್ತು? ಬೆಳಗಾವಿಯಲ್ಲಿ ಪರಿಚಯದ ದನದ ಡಾಕ್ಟರರಿಗೆ ಫೋನ್ ಮಾಡಿ ಕೇಳಿ, ಗುಳಿಗೆಯ ಚೂರನ್ನು ನೀರಲ್ಲಿ ಅರೆದು ಕೊಟ್ಟೆ. ಅವಳು ಅಲ್ಲೇ ನೆಲದ ಮೇಲೆ ಕುಳಿತು, ಕೊಕ್ಕು ಬಿಡಿಸಿ, ಕೂಸಿಗೆ ಕುಡಿಸಿದಂತೆ ಹನಿಹನಿಯಾಗಿ ಕುಡಿಸಿದಳು.

ಮರುದಿನ ನಾನು ಬಸ್ಸಿಳಿದು ಬರುವಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಕುಳಿತಿದ್ದಳು. ಬೆಳಕು ಹರಿಯುವಾಗ ಹಕ್ಕಿ ಸತ್ತಿತ್ತು. ತರುವುದು ತಡವಾಗಿತ್ತು ಶೇವಂತಾಬಾಯಿ, ನಮ್ಮ ಕೈಯಲ್ಲಿ ಏನೂ ಇರಲಿಲ್ಲ ಎಂದೆ. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ.

“ಇದು ಯಾತರಿಂದ ಹೋತು ಅಂತ ಗೊತ್ತರ ಆತಲ್ರಿ,” ಅಂದಳು. “ನಮ್ಮನಿಯವ್ರದು ಇನ್ನೂ ಯಾರೂ ಹೇಳಿಲ್ರಿ.”

ಅವಳ ಗಂಡನ ಹೆಸರು ಕೇಳಿಕೊಂಡು ಹಳೆಯ ಸ್ಲೈಡುಗಳ ಪೆಟ್ಟಿಗೆಗಳನ್ನೆಲ್ಲ ಹುಡುಕಿದೆ. ಬೆಳಗಾವಿಯಲ್ಲೂ ವಿಚಾರಿಸಿದೆ. ಜ್ವರದ ಆ ಗದ್ದಲದಲ್ಲಿ ಅವನ ಸ್ಲೈಡು ಎಲ್ಲಿ ಹೋಯಿತೋ, ಸಿಗಲಿಲ್ಲ. ಸಿಗಲಿಲ್ಲವೆಂದು ಅವಳ ಮುಖ ನೋಡಿ ಹೇಳಿದೆ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಮುಂದೆ ನೌಕರಿ ಮುಗಿಯುವವರೆಗೂ, ರೋಗಿ ತೀರಿಕೊಂಡ ಸುದ್ದಿ ಬಂದ ಮೇಲೂ ಅವನ ಸ್ಲೈಡನ್ನು ನಾನು ಬದಿಗಿಡಲಿಲ್ಲ. ಪರೀಕ್ಷಿಸಿ, ಏನಿತ್ತೆಂದು ಮನೆಯವರಿಗೆ ಹೇಳಿ ಕಳಿಸುತ್ತಿದ್ದೆ. ಸತ್ತ ಮೇಲೆ ಗೊತ್ತಾಗಿ ಏನು ಉಪಯೋಗ ಎಂದು ಜೊತೆಯವರು ಅನ್ನುತ್ತಿದ್ದರು. ಅದನ್ನು ಅವರು ಶೇವಂತಾಬಾಯಿಯನ್ನು ಕೇಳಬೇಕಿತ್ತು.